ಹನ್ನೆರಡನೇ ಸಾಲು

ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡ ಕಟ್ಟಿಕೊಂಡು ಊರೂರು ತಿರುಗುವುದೆಂದರೆ ಬರೀ ಆಟ ಕಲಿಸುವುದು ಎಂದುಕೊಂಡವರು ಒಂದು ಶನಿವಾರ ದೊಡ್ಡಕ್ಕನ ವ್ಯಾನಿನಲ್ಲಿ ಕೂತು ನೋಡಬೇಕು. ಆಟ ಕಲಿಸುವುದು ಅದರಲ್ಲಿ ನಾಲ್ಕಾಣೆ ಪಾಲು. ಉಳಿದ ಹನ್ನೆರಡಾಣೆ ಬೇರೆಯೇ ಇದೆ. ಯಾರ ಶೂ ಮನೆಯಲ್ಲೇ ಉಳಿಯಿತು, ಯಾರಿಗೆ ತಿರುವು ಬಂದರೆ ಹೊಟ್ಟೆ ತೊಳಸುತ್ತದೆ, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಯಾರ ಅಮ್ಮ ಫೋನ್ ಮಾಡಿ ನನ್ನ ಮಗಳನ್ನು ಮೊದಲ ಐವರಲ್ಲಿ ಯಾಕೆ ಇಳಿಸಲಿಲ್ಲ ಎಂದು ಜಗಳ ತೆಗೆಯುತ್ತಾಳೆ. ಆ ಅಮ್ಮಂದಿರಿಗೆ ದೊಡ್ಡಕ್ಕ ಕೊಡುತ್ತಿದ್ದ ಉತ್ತರ ಒಂದೇ, ನೋಡೋಣ. ಕೋಚುಗಳ ಪಾಲಿಗೆ ಇದಕ್ಕಿಂತ ಒಳ್ಳೆಯ ಮಾತು ಇನ್ನೊಂದಿಲ್ಲ. ಹೌದು ಎಂದ ಹಾಗೂ ಆಗುತ್ತದೆ, ಇಲ್ಲ ಎಂದ ಹಾಗೂ ಆಗುತ್ತದೆ, ಹೇಳಿದವರಿಗೆ ಆ ರಾತ್ರಿ ನಿದ್ದೆಯೂ ಬರುತ್ತದೆ.

ದೊಡ್ಡಕ್ಕನಿಗೆ ಐವತ್ತೆರಡು ವರ್ಷ. ಇಪ್ಪತ್ತು ವರ್ಷದ ಹಿಂದೆ ಮೊದಲ ತಂಡದ ಹುಡುಗಿಯರು ಇಟ್ಟ ಹೆಸರು ಹಾಗೇ ಅಂಟಿಕೊಂಡಿತು. ಆ ಹುಡುಗಿಯರಲ್ಲಿ ಕೆಲವರ ಮಕ್ಕಳು ಈಗ ಇದೇ ವ್ಯಾನಿನಲ್ಲಿ ಕೂರುತ್ತಾರೆ. ಬೆಳಿಗ್ಗೆಯಿಂದ ಮಧ್ಯಾಹ್ನ ಮೂರರವರೆಗೆ ಅವಳಿಗೆ ಒಂದು ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಕೆಲಸ. ಯಾರ ಹೆಸರು ಯಾವ ಫೈಲಿನಲ್ಲಿ, ಯಾವ ಸಾಲಿನಲ್ಲಿ ಇರಬೇಕೋ ಅಲ್ಲೇ ಇರುವಂತೆ ನೋಡಿಕೊಳ್ಳುವ ಕೆಲಸ. ಇಪ್ಪತ್ತೇಳು ವರ್ಷದಲ್ಲಿ ಒಂದು ಹೆಸರನ್ನೂ ತಪ್ಪಾದ ಕಡೆ ಬರೆದವಳಲ್ಲ ಎಂದು ಅವಳಿಗೆ ಒಳಗೊಳಗೇ ಜಂಬವಿತ್ತು. ನಾಲ್ಕಕ್ಕೆ ಊರಿನ ಒಳಾಂಗಣ ಕ್ರೀಡಾಂಗಣದಲ್ಲಿ ಅಭ್ಯಾಸ, ಶನಿವಾರ ಭಾನುವಾರ ಬೇರೆ ಊರುಗಳಲ್ಲಿ ಪಂದ್ಯ. ಮದುವೆಯ ಮಾತು ಬಂದಾಗಲೆಲ್ಲ ಯಾವುದೋ ಒಂದು ಪಂದ್ಯ ಅಡ್ಡ ಬರುತ್ತಿತ್ತು. ಆಮೇಲೆ ಮಾತು ಬರುವುದೇ ನಿಂತಿತು. ಎರಡು ಬೀದಿ ಆಚೆ ಇರುವ ತಂಗಿ ಮೊನ್ನೆ ತನ್ನ ಮಗನ ನಿಶ್ಚಿತಾರ್ಥವನ್ನು ಒಂದು ಭಾನುವಾರ ಮುಗಿಸಿಬಿಟ್ಟಳು. ಸೋಮವಾರ ಫೋನ್ ಮಾಡಿ, "ನೀನು ಹೇಗೂ ಊರಲ್ಲಿರಲ್ಲ ಅಂತ ಹೇಳ್ಲಿಲ್ಲ ಅಕ್ಕ," ಅಂದಳು. ದೊಡ್ಡಕ್ಕ ಪರವಾಗಿಲ್ಲ ಬಿಡು ಎಂದಳು. ಫೋನಿಟ್ಟ ಮೇಲೆ ಎಷ್ಟೋ ಹೊತ್ತು ಅದನ್ನೇ ನೋಡುತ್ತ ಕೂತಿದ್ದಳು.

ಅವಳಿಗೆ ವ್ಯಾನಿನ ಒಂದು ನೇಮವಿತ್ತು. ಊರಿಗೆ ಮರಳಿದ ಮೇಲೆ ಪ್ರತಿ ಹುಡುಗಿಯನ್ನೂ ಅವಳ ಮನೆ ಬಾಗಿಲಿಗೇ ಬಿಡಬೇಕು. ಒಳಗಿನಿಂದ ಯಾರಾದರೂ ಬಾಗಿಲು ತೆಗೆದು ಮುಖ ತೋರಿಸುವವರೆಗೆ ವ್ಯಾನು ಅಲುಗಬಾರದು. ಕೊನೆಗೆ ಉಳಿಯುವವಳು ಗಡಿಯಾರ.

ಗಡಿಯಾರ ಎಂಬುದು ಹುಡುಗಿಯ ಅಡ್ಡಹೆಸರು. ಟೈಲರನ ಒಬ್ಬಳೇ ಮಗಳು. ಮೂರು ವರ್ಷದ ಹಿಂದೆ ತಂಡಕ್ಕೆ ಸೇರಿದ ಎರಡನೇ ವಾರವೇ ಕಾಲು ಉಳುಕಿಸಿಕೊಂಡಳು. ಸುಮ್ಮನೆ ಕೂರುವ ಬದಲು ಮೇಜಿನ ಹತ್ತಿರ ಕೂತು ಸ್ಕೋರ್ ಬರಿ ಎಂದಳು ದೊಡ್ಡಕ್ಕ. ಅವಳು ಬರೆದ ಪುಸ್ತಕ ನೋಡಿ ಬೇರೆ ಊರಿನ ಕೋಚುಗಳು ಬೆರಗಾದರು. ಯಾರು ಎಷ್ಟನೇ ನಿಮಿಷದಲ್ಲಿ ಯಾವ ಕೈಯಲ್ಲಿ ಚೆಂಡು ಬಿಟ್ಟುಕೊಟ್ಟರು ಎಂಬುದೆಲ್ಲ ಅದರಲ್ಲಿತ್ತು. ಸ್ಟಾಪ್‌ವಾಚ್ ನೋಡದೆಯೇ ಇನ್ನು ಇಪ್ಪತ್ತು ಸೆಕೆಂಡು ಎನ್ನುತ್ತಿದ್ದಳು, ನೋಡಿದರೆ ಇಪ್ಪತ್ತೇ ಇರುತ್ತಿತ್ತು. ಕಾಲು ವಾಸಿಯಾಯಿತು, ಮೇಜು ಮಾತ್ರ ಬಿಡಲಿಲ್ಲ. ಚೆನ್ನಾಗಿ ಕೆಲಸ ಮಾಡುವವರ ಹಣೆಬರಹವೇ ಅಷ್ಟು, ಮಾಡಿದ್ದೇ ಮೈಗಂಟಿಕೊಳ್ಳುತ್ತದೆ. ಅಭ್ಯಾಸದಲ್ಲಿ ಎಲ್ಲರ ಜೊತೆ ಓಡುತ್ತಿದ್ದಳು, ಬೆವರುತ್ತಿದ್ದಳು. ಪಂದ್ಯದ ದಿನ ಜೆರ್ಸಿಯ ಮೇಲೆ ಜಾಕೆಟ್ ಹಾಕಿಕೊಂಡು ಮೇಜಿಗೆ ಹೋಗುತ್ತಿದ್ದಳು. ವರ್ಷಕ್ಕೆ ಒಂದೆರಡು ಸಲ ಮೆಲ್ಲಗೆ ಕೇಳುತ್ತಿದ್ದಳು, ಇವತ್ತು ಇಳಿಸ್ತೀರಾ ಎಂದು. ನೋಡೋಣ ಎನ್ನುತ್ತಿದ್ದಳು ದೊಡ್ಡಕ್ಕ. ಅಳದ ಮಗುವಿಗೆ ತಾಯಿಯೂ ಹಾಲು ಕೊಡುವುದಿಲ್ಲ. ಇವಳೋ ಅತ್ತವಳಲ್ಲ.

ವಾಪಸಾಗುವಾಗ ಮುಂದಿನ ಸೀಟು ಅವಳದು. ಹಿಂದೆ ಹನ್ನೊಂದು ಹುಡುಗಿಯರು ಹಾಡಿ, ಕಿತ್ತಾಡಿ, ಕೊನೆಗೆ ಬಾಯಿ ತೆರೆದುಕೊಂಡು ನಿದ್ದೆ ಹೋಗುತ್ತಿದ್ದರು. ಮುಂದೆ ಇವಳು ಪುಸ್ತಕ ತೆರೆದು ಓದುತ್ತಿದ್ದಳು. ಜಿರಾಫೆ ಎಡಗಡೆಯಿಂದ ಹಾಕಿದ್ದು ಆರು, ಬುಟ್ಟಿಗೆ ಬಿದ್ದಿದ್ದು ಒಂದು. ಜಿರಾಫೆ ಎಂದರೆ ತಂಡದ ನಾಯಕಿ, ಆರಡಿಗೆ ಎರಡೇ ಇಂಚು ಕಮ್ಮಿ. ದೊಡ್ಡಕ್ಕ ಹೂಂಗುಟ್ಟುತ್ತಿದ್ದಳು, ತಕರಾರು ತೆಗೆಯುತ್ತಿದ್ದಳು, ಕೆಲವು ಸಲ ಇಬ್ಬರೂ ನಗುತ್ತಿದ್ದರು. ವಾರವಿಡೀ ದೊಡ್ಡಕ್ಕನಿಗೆ ಸಿಗುತ್ತಿದ್ದ ಮನೆಯವರಂಥ ಮಾತುಕತೆ ಎಂದರೆ ಇದೊಂದೇ. ಇದು ಅವಳಿಗೆ ಗೊತ್ತಿತ್ತೋ ಇಲ್ಲವೋ, ಹುಡುಗಿಯನ್ನು ಮೇಜಿನಿಂದ ಏಳಿಸದೆ ಇರುವುದಕ್ಕೆ ಇದೂ ಒಂದು ಕಾರಣ ಎಂದು ನನಗನಿಸುತ್ತದೆ. ಆಡಿದವಳಾಗಿದ್ದರೆ ಅವಳೂ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದಳು.

ಈ ವರ್ಷ ಮಾತ್ರ ದೊಡ್ಡಕ್ಕ ಮಾತು ಕೊಟ್ಟಿದ್ದಳು. ತಂಡ ಹದಿನೇಳರೊಳಗಿನವರದು. ಋತುವಿನ ಕೊನೆಯ ಟೂರ್ನಿ ಮುಗಿದ ಹತ್ತೇ ದಿನಕ್ಕೆ ಗಡಿಯಾರಕ್ಕೆ ಹದಿನೇಳು ತುಂಬುತ್ತಿತ್ತು. ಅಲ್ಲಿಗೆ ಆಡುವ ಬಾಗಿಲು ಮುಚ್ಚಿದಂತೆ. ಈ ಸಲ ನೋಡೋಣ ಗೀಡೋಣ ಇಲ್ಲ, ಖಂಡಿತ ಇಳಿಸ್ತೀನಿ ಎಂದು ವ್ಯಾನಿನಲ್ಲಿ ಹೇಳಿದಳು. ಅಷ್ಟಕ್ಕೇ ಬಿಡದೆ ಟೈಲರನ ಅಂಗಡಿಗೂ ಹೋದಳು. ಇಡೀ ತಂಡದ ಜೆರ್ಸಿಗಳಿಗೆ ಅಂಕಿ ಹೊಲಿದುಕೊಡುತ್ತಿದ್ದವನು ಅವನೇ. ಕುತ್ತಿಗೆಗೆ ಅಳತೆ ಟೇಪು, ತುಟಿಯಲ್ಲಿ ಎರಡು ಗುಂಡುಸೂಜಿ, ಮಾತು ಕಮ್ಮಿ. ಹೆಂಡತಿ ತೀರಿಕೊಂಡ ದಿನ ಬಿಟ್ಟರೆ ಅಂಗಡಿ ಮುಚ್ಚಿದವನಲ್ಲ. ಈ ಸಲ ನೀವೂ ಬನ್ನಿ, ಮಗಳ ಆಟ ನೋಡಿ ಎಂದಾಗ ಅವನು ಗುಂಡುಸೂಜಿ ತೆಗೆದು ಮೇಜಿನ ಮೇಲಿಟ್ಟ. ಯಾವ ತಾರೀಕು ಎಂದು ಎರಡು ಸಲ ಕೇಳಿ ಗೋಡೆಯ ಕ್ಯಾಲೆಂಡರಿನಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದ.

ಟೂರ್ನಿಯ ಊರು ಮೂರು ಗಂಟೆ ದಾರಿ. ಬೆಳಿಗ್ಗೆ ಎಂಟಕ್ಕೆಲ್ಲ ತಲುಪಿದರು. ದೊಡ್ಡ ಒಳಾಂಗಣ, ಹೊಸ ಬಣ್ಣದ ವಾಸನೆ, ನಾಲ್ಕು ಕೋರ್ಟುಗಳಲ್ಲಿ ಒಟ್ಟಿಗೇ ಪುಟಿಯುವ ಚೆಂಡುಗಳ ಸದ್ದು. ಹುಡುಗಿಯರನ್ನು ಬಟ್ಟೆ ಬದಲಿಸಲು ಕಳಿಸಿ ದೊಡ್ಡಕ್ಕ ನೋಂದಣಿ ಮೇಜಿಗೆ ಹೋದಳು. ಅಲ್ಲಿದ್ದ ಗುಮಾಸ್ತ ಪಟ್ಟಿ ತೆಗೆದು ಆಟಗಾರರ ಹನ್ನೊಂದು ಗುರುತಿನ ಬಿಲ್ಲೆ ಎಣಿಸಿಕೊಟ್ಟ. ಹನ್ನೆರಡು ಬೇಕು ಎಂದಳು. ಅವನು ಪಟ್ಟಿಯನ್ನು ಅವಳ ಕಡೆ ತಿರುಗಿಸಿದ.

ಅಕ್ಷರ ಅವಳದೇ. ಆಟಗಾರರು ಎಂಬ ತಲೆಬರಹದ ಕೆಳಗೆ ಹನ್ನೊಂದು ಹೆಸರು. ಹನ್ನೆರಡನೇ ಸಾಲು ಖಾಲಿ. ಅದರ ಕೆಳಗೆ ತಂಡದ ಸಿಬ್ಬಂದಿ ಎಂಬ ಇನ್ನೊಂದು ಚೌಕ. ಅದರಲ್ಲಿ ಮೊದಲು ಅವಳ ಹೆಸರು, ಎರಡನೆಯದು ಗಡಿಯಾರದ್ದು, ಪಕ್ಕದಲ್ಲಿ ಸ್ಕೋರ್ ಬರೆಯುವವರು ಎಂದು ದುಂಡಗೆ ಬರೆದಿತ್ತು. ಮೂರು ವಾರದ ಹಿಂದೆ ದಾಖಲೆ ಕೋಣೆಯಲ್ಲಿ ಊಟದ ಡಬ್ಬಿ ಪಕ್ಕಕ್ಕಿಟ್ಟುಕೊಂಡು ತುಂಬಿದ ಫಾರಂ ಅದು. ಮೂರು ವರ್ಷ ಸ್ಥಳೀಯ ಪಂದ್ಯಗಳಿಗೆ ಹೀಗೇ ಬರೆದು ಬರೆದು ಕೈಗೆ ರೂಢಿಯಾಗಿತ್ತು. ಅಲ್ಲಿ ಯಾರೂ ಕೇಳುತ್ತಿರಲಿಲ್ಲ, ಹೆಸರು ಯಾವ ಕಡೆ ಇದ್ದರೂ ನಡೆಯುತ್ತಿತ್ತು. ಬರೆದ ಮೇಲೆ ಮಕ್ಕಳೆಷ್ಟು ಎಂದು ಎಣಿಸಿದ್ದಳು ಕೂಡ. ಹನ್ನೆರಡು, ಸರಿಯಾಗಿದೆ ಎಂದು ಸಹಿ ಹಾಕಿದ್ದಳು.

ಗುಮಾಸ್ತ ಒರಟನಲ್ಲ. ಸಿಬ್ಬಂದಿಯ ಪಟ್ಟಿಯಲ್ಲಿರುವವರು ಆಡುವ ಹಾಗಿಲ್ಲ, ಪಟ್ಟಿ ಹತ್ತು ದಿನದ ಹಿಂದೆಯೇ ಮುಚ್ಚಿದೆ, ನಿಮಗೊಬ್ಬರಿಗೆ ತೆರೆದರೆ ಮೂವತ್ತು ತಂಡಕ್ಕೂ ತೆರೆಯಬೇಕು ಎಂದು ತಾಳ್ಮೆಯಿಂದ ಹೇಳಿದ. ದೊಡ್ಡಕ್ಕ ಬೇಡಿಕೊಂಡಳು, ದನಿ ಏರಿಸಿದಳು, ಮೇಲಿನವರನ್ನು ಕರೆಸಿದಳು. ಮೇಲಿನವರು ಬಂದು ಅದನ್ನೇ ಇನ್ನೂ ಸಣ್ಣ ವಾಕ್ಯಗಳಲ್ಲಿ ಹೇಳಿ ಹೋದರು. ಹನ್ನೊಂದು ಬಿಲ್ಲೆ ಹಿಡಿದುಕೊಂಡು ಅವಳು ಹೊರಗಿನ ಕಾರಿಡಾರಿನಲ್ಲಿ ನಿಂತಳು. ಗೋಡೆಗೆ ಒರಗಿಸಿಟ್ಟ ಮಡಿಚುವ ಕುರ್ಚಿಗಳ ಸಾಲನ್ನು ನೋಡುತ್ತ, ಇವತ್ತು ಈ ಹುಡುಗಿಗೆ ಹೇಗೆ ಮುಖ ತೋರಿಸಲಿ ಎಂದು ಯೋಚಿಸಿದಳು. ಸತ್ಯ ಹೇಳುವುದು ಒಂದು ದಾರಿ. ಆ ದಾರಿ ಅವಳಿಗೆ ಆಗ ಹಿಡಿಸಲಿಲ್ಲ.

ಗಡಿಯಾರ ಬಟ್ಟೆ ಬದಲಿಸಿ ಬಂದಳು. ಜಾಕೆಟ್ಟಿನ ಜಿಪ್ಪು ಅರ್ಧಕ್ಕೆ ತೆರೆದಿತ್ತು, ಒಳಗೆ ಹನ್ನೆರಡರ ಅಂಕಿ. ಈ ಸಲ ಅಪ್ಪ ಎರಡೆಳೆ ದಾರದಲ್ಲಿ ಹೊಲಿದಿದ್ದ. ಅವರ ಕಡೆ ಪಟ್ಟಿಯಲ್ಲಿ ಏನೋ ಗೊಂದಲವಾಗಿದೆ, ಮಾತಾಡ್ತಿದ್ದೀನಿ ಎಂದಳು ದೊಡ್ಡಕ್ಕ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ತಪ್ಪನ್ನು ಆ ಬಡಪಾಯಿ ಗುಮಾಸ್ತನ ತಲೆಗೆ ಕಟ್ಟಿದಳು. ಹುಡುಗಿ ಅವಳ ಮುಖವನ್ನು ಒಂದು ಗಳಿಗೆ ನೋಡಿ, ಸರಿ ಎಂದು ಜಿಪ್ಪು ಮೇಲಕ್ಕೆಳೆದುಕೊಂಡು ಮೇಜಿನ ಕಡೆ ಹೋದಳು. ಪೆನ್ಸಿಲುಗಳನ್ನು ಸಾಲಾಗಿ ಜೋಡಿಸಿದಳು.

ಟೈಲರ್ ಮೂರನೇ ಸಾಲಿನಲ್ಲಿ ಕೂತಿದ್ದ. ಬೆಳಿಗ್ಗೆಯ ಮೊದಲ ಬಸ್ಸಿಗೇ ಬಂದಿದ್ದ. ಇಸ್ತ್ರಿಯ ಗೆರೆ ಮುರಿಯದ ಅಂಗಿ, ಬಾಚಿದ ತಲೆ, ಮಡಿಲಲ್ಲಿ ತಿಂಡಿಯ ಚೀಲ. ಮೊದಲ ಪಂದ್ಯ ಶುರುವಾಗುವ ಮುಂಚೆ ಕೆಳಗಿಳಿದು ಬಂದು ದೊಡ್ಡಕ್ಕನ ಹತ್ತಿರ ಸಂಕೋಚದಿಂದ ನಿಂತ.

"ಮೇಡಂ, ನಮ್ಮ ಹುಡುಗಿ ಎಷ್ಟು ಹೊತ್ತಿಗೆ ಆಡ್ತಾಳೆ? ನನಗೆ ಈ ಆಟ ಗೊತ್ತಾಗಲ್ಲ. ಅವಳು ಇಳಿಯೋ ಹೊತ್ತಿಗೆ ಎಲ್ಲೋ ನೋಡ್ತಾ ಕೂತಿರಬಾರದಲ್ಲ, ಅದಕ್ಕೇ ಕೇಳಿದೆ."

ಮಾತು ಗಂಟಲಿಗೆ ಬಂದಿತ್ತು. ಅಷ್ಟರಲ್ಲಿ ರೆಫರಿ ಸೀಟಿ ಊದಿದ.

"ನೋಡೋಣ," ಅಂದಳು ದೊಡ್ಡಕ್ಕ.

ಅವನು ಆ ಮಾತನ್ನು ಹೌದು ಎಂದೇ ಕೇಳಿಸಿಕೊಂಡ. ತಲೆಯಾಡಿಸಿ ಮೇಲೆ ಹೋಗಿ, ಚೀಲ ಪಕ್ಕಕ್ಕಿಟ್ಟು, ನೆಟ್ಟಗೆ ಕೂತ.

ಮೊದಲ ಪಂದ್ಯ ಹೇಗೆ ನಡೆಯಿತೆಂದು ಕೇಳಿದರೆ ದೊಡ್ಡಕ್ಕನಿಗೆ ಇವತ್ತಿಗೂ ಹೇಳಲಾಗುವುದಿಲ್ಲ. ಜಿರಾಫೆ ಚೆನ್ನಾಗಿ ಆಡಿದಳಂತೆ, ಏಳು ಅಂಕಗಳಿಂದ ಗೆದ್ದರಂತೆ. ಅವಳಿಗೆ ನೆನಪಿರುವುದು ಬೇರೆ. ಪ್ರತಿ ಸಲ ಬದಲಿ ಆಟಗಾರ್ತಿಯನ್ನು ಕರೆದಾಗಲೂ ಮೂರನೇ ಸಾಲಿನಲ್ಲಿ ಒಬ್ಬ ಮನುಷ್ಯ ಅರ್ಧ ಎದ್ದು ನಿಲ್ಲುತ್ತಿದ್ದ. ಇಳಿದವಳು ತನ್ನ ಮಗಳಲ್ಲ ಎಂದು ಗೊತ್ತಾದ ಮೇಲೆ ಪಕ್ಕದವರಿಗೆ ಅಡ್ಡವಾಯಿತೇನೋ ಎಂಬಂತೆ ನಾಚಿಕೊಂಡು ಕೂರುತ್ತಿದ್ದ. ಎರಡನೇ ಪಂದ್ಯಕ್ಕೆ ಅರ್ಧ ಗಂಟೆ ಬಿಡುವಿತ್ತು. ಇನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲಾಗದೆ ಅವಳು ಗಡಿಯಾರವನ್ನು ಚೆಂಡುಗಳನ್ನಿಡುವ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು.

"ತಪ್ಪು ಅವರದಲ್ಲ ಕಣೇ. ನಂದು. ನಿನ್ನ ಹೆಸರನ್ನ ನಾನೇ ಕೆಳಗಡೆ ಬರೆದುಬಿಟ್ಟಿದ್ದೀನಿ."

"ಗೊತ್ತು," ಅಂದಳು ಹುಡುಗಿ.

"ಗೊತ್ತಾ?"

"ಫಾರಂದು ನಕಲು ಫೈಲಿಗೆ ಹಾಕು ಅಂತ ನನ್ನ ಕೈಗೇ ಕೊಟ್ಟಿದ್ರಲ್ಲ. ಅವತ್ತೇ ನೋಡಿದೆ."

ದೊಡ್ಡಕ್ಕ ದಿನಗಳ ಲೆಕ್ಕ ಹಾಕಿದಳು. ಮೂರು ವಾರ. ಪಟ್ಟಿ ತೆರೆದಿದ್ದ ದಿನಗಳೇ ಹತ್ತಿರ ಹತ್ತಿರ ಹನ್ನೊಂದು ಇದ್ದವು. ಒಂದು ಮಾತು, ಒಂದೇ ಒಂದು ಮಾತು ಹೇಳಿದ್ದರೆ ಎರಡು ನಿಮಿಷದಲ್ಲಿ ತಿದ್ದಬಹುದಿತ್ತು.

"ಮತ್ತೆ ಯಾಕೆ ಹೇಳ್ಲಿಲ್ಲ?"

ಹುಡುಗಿ ಒಂದು ಚೆಂಡನ್ನು ಕಾಲಿನಿಂದ ಮೆಲ್ಲಗೆ ಗೋಡೆಗೆ ತಳ್ಳಿದಳು. "ನೀವು ಬೇಕಂತಲೇ ಬರೆದ್ರಿ ಅಂದ್ಕೊಂಡೆ. ನೀವು ಹೆಸರು ತಪ್ಪಾಗಿ ಬರೆಯೋರಲ್ಲ ಅಂತ ಎಲ್ಲರೂ ಹೇಳ್ತಾರೆ. ಬಾಯಲ್ಲಿ ಹೇಳೋಕೆ ಬೇಜಾರಾಗಿ ಹೀಗೆ ಹೇಳಿದ್ದೀರಿ ಅಂದ್ಕೊಂಡೆ. ದೂರ, ಬರಬೇಡ ಅಂತ ಅಪ್ಪನಿಗೂ ಹೇಳ್ದೆ. ನಾಚಿಕೆಗೆ ಹೇಳ್ತಿದ್ದಾಳೆ ಅಂದ್ಕೊಂಡು ಬಂದುಬಿಟ್ಟಿದ್ದಾನೆ."

"ಹಾಗಾದ್ರೆ ಜೆರ್ಸಿ ಯಾಕೆ ಹಾಕ್ಕೊಂಡೆ?"

"ಅವನು ರಾತ್ರಿ ಕೂತು ಹೊಲಿದಿದ್ದು. ಹಾಕ್ಕೊಳ್ಳದೆ ಹೇಗೆ ಬರಲಿ?"

ಆಗ ದೊಡ್ಡಕ್ಕನಿಗೊಂದು ಉಪಾಯ ಹೊಳೆಯಿತು. ಸಿಬ್ಬಂದಿಯಲ್ಲಿ ಹೆಸರಿರುವವರು ಕೋಚ್ ಜಾಗದಲ್ಲಿ ನಿಲ್ಲಬಹುದು, ನಿಯಮದಲ್ಲಿದೆ. ಎರಡನೇ ಪಂದ್ಯವನ್ನು ನೀನೇ ನಡೆಸು, ನಾನು ಮೇಜಿನಲ್ಲಿ ಕೂರುತ್ತೇನೆ, ಆಟ ನನಗಿಂತ ನಿನಗೇ ಚೆನ್ನಾಗಿ ಗೊತ್ತು, ಅಪ್ಪನಿಗೂ ಹೆಮ್ಮೆಯಾಗುತ್ತದೆ ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ಹೇಳುತ್ತ ಹೇಳುತ್ತ ಅವಳಿಗೇ ಇದು ಬಲು ಒಳ್ಳೆಯ ಪರಿಹಾರ ಎನ್ನಿಸಿ ದನಿಯಲ್ಲಿ ಉತ್ಸಾಹ ಕೂಡ ಬಂತು. ಹುಡುಗಿ ಪೂರ್ತಿ ಕೇಳಿಸಿಕೊಂಡಳು. ಅವಳ ಕಣ್ಣು ಮೊದಲ ಸಲ ತುಂಬಿಕೊಂಡಿತು.

"ನನಗೆ ಕೋಚ್ ಆಗಬೇಕಿರಲಿಲ್ಲ ದೊಡ್ಡಕ್ಕ. ಆಡಬೇಕಿತ್ತು."

ಅಷ್ಟು ಹೇಳಿ ಕಣ್ಣೊರೆಸಿಕೊಂಡು ಮೇಜಿಗೆ ಹೋದಳು. ಎರಡನೇ ಪಂದ್ಯದ ಪುಸ್ತಕದಲ್ಲಿ ಒಂದು ಗೆರೆಯೂ ಸೊಟ್ಟಗಾಗಿಲ್ಲ. ದೊಡ್ಡಕ್ಕ ಮೂರನೇ ಸಾಲಿಗೆ ಹೋಗಿ ಟೈಲರನಿಗೆ ಎಲ್ಲವನ್ನೂ ಹೇಳಿದಳು, ಈ ಸಲ ಏನೂ ಮುಚ್ಚಿಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವನು ಅಂಗೈಗಳನ್ನು ಮೊಣಕಾಲಿನ ಮೇಲೆ ಒರೆಸಿಕೊಂಡು, "ಅಳತೆ ತಪ್ಪೋದು ಎಲ್ಲರಿಗೂ ಇದ್ದದ್ದೇ ಮೇಡಂ," ಅಂದ. ಆಮೇಲೆ, "ಆದರೆ ಕತ್ತರಿಸಿದ ಮೇಲೆ ಏನೂ ಮಾಡಕ್ಕಾಗಲ್ಲ," ಎಂದು ಕೋರ್ಟಿನ ಕಡೆ ತಿರುಗಿದ. ಆ ಪಂದ್ಯದಲ್ಲಿ ಅವನು ಆಟ ನೋಡಲಿಲ್ಲ. ಮೇಜನ್ನು ನೋಡುತ್ತ ಕೂತಿದ್ದ.

ವಾಪಸು ಹೊರಟಾಗ ಹುಡುಗಿ ಅಪ್ಪನ ಜೊತೆ ಬಸ್ಸಿಗೆ ಹೋದಳು. ಸ್ಕೋರ್ ಪುಸ್ತಕವನ್ನು ವ್ಯಾನಿನ ಮುಂದಿನ ಸೀಟಿನ ಮೇಲೆ ಇಟ್ಟು, ದೊಡ್ಡಕ್ಕನಿಗೆ ಬರ್ತೀನಿ ಎಂದು ಮರ್ಯಾದೆಯಿಂದ ಹೇಳಿಯೇ ಹೋದಳು. ಎರಡನೆಯದನ್ನು ಸೋತಿದ್ದರಿಂದ ಹಿಂದೆ ಯಾರೂ ಹಾಡಲಿಲ್ಲ. ಊರು ತಲುಪಿದಾಗ ಇನ್ನೂ ಬೆಳಕಿತ್ತು. ಒಂದೊಂದೇ ಮನೆ, ಒಂದೊಂದೇ ಬಾಗಿಲು. ಜಿರಾಫೆಯ ಅಜ್ಜಿ ಕಿಟಕಿಯಿಂದಲೇ ಕೈಬೀಸಿದಳು. ಹನ್ನೊಂದನೆಯ ಬಾಗಿಲು ತೆರೆದು ಮುಚ್ಚಿಕೊಂಡ ಮೇಲೆ ದೊಡ್ಡಕ್ಕ ಗೇರು ಹಾಕಿ ರೂಢಿಯಂತೆ ಟೈಲರನ ಬೀದಿಗೇ ತಿರುಗಿಸಿದಳು. ಅಲ್ಲಿಗೆ ಹೋದ ಮೇಲೆ ಇಳಿಯುವವರು ಯಾರೂ ಇಲ್ಲ ಎಂದು ನೆನಪಾಯಿತು. ಮನೆಯ ಮುಂದಿನ ಅಂಗಡಿಗೆ ಬೀಗ ಬಿದ್ದಿತ್ತು, ಅವರಿನ್ನೂ ಬಂದಿರಲಿಲ್ಲ. ಅವಳು ಸ್ವಲ್ಪ ಹೊತ್ತು ಅಲ್ಲೇ ನಿಂತು ಮನೆಗೆ ಹೋದಳು. ತನ್ನ ಬಾಗಿಲನ್ನು ತಾನೇ ತೆಗೆದಳು. ಒಳಗೆ ಹೋಗಿ ಬೆಳಿಗ್ಗೆ ಬಿಟ್ಟುಹೋದ ಲೋಟ ಬಿಟ್ಟ ಕಡೆಯೇ ಇರುವುದನ್ನು ಕಂಡಾಗ, ಇಪ್ಪತ್ತು ವರ್ಷದಲ್ಲಿ ಮೊದಲ ಸಲ, ತನ್ನನ್ನು ಈ ಬಾಗಿಲಿಗೆ ತಲುಪಿಸಿ ಕಾಯುವವರು ಯಾರೂ ಇಲ್ಲ ಎಂದು ಅವಳಿಗೆ ದುಃಖವಾಯಿತು. ಹಾಗೆ ದುಃಖಪಡಲು ಇವತ್ತು ತನಗೆ ಹಕ್ಕಿಲ್ಲ ಎಂದೂ ಅನ್ನಿಸಿತು.

ಅಡುಗೆ ಮಾಡುವ ಮನಸ್ಸಾಗಲಿಲ್ಲ. ಪುಸ್ತಕ ತೆರೆದಳು. ದಪ್ಪ ರಟ್ಟಿನ ಪುಸ್ತಕ, ಪುಟಕ್ಕೊಂದು ಪಂದ್ಯ. ಪ್ರತಿ ಪುಟದಲ್ಲೂ ಹನ್ನೆರಡು ಸಾಲು. ದೊಡ್ಡಕ್ಕ ಈ ಪುಸ್ತಕವನ್ನು ನೂರು ಸಲ ನೋಡಿದ್ದಳು, ಯಾವಾಗಲೂ ಮೇಲಿನ ಸಾಲುಗಳನ್ನು. ಆಡುವವರೆಲ್ಲ ಅಲ್ಲೇ ಇರುತ್ತಿದ್ದರು. ಈಗ ಹಿಂದಿನ ವಾರದ ಪಂದ್ಯದ ಪುಟ ತೆಗೆದು ಕೆಳಗಿನ ಸಾಲು ನೋಡಿದಳು. ಹನ್ನೆರಡನೇ ಸಾಲಿನಲ್ಲಿ ಹುಡುಗಿ ತನ್ನ ಹೆಸರು ಬರೆದು, ಅಂಕಿ ಬರೆದು, ಮುಂದಿನ ಚೌಕಗಳ ಮೇಲೆ ಸ್ಕೇಲು ಇಟ್ಟು ಒಂದು ಗೆರೆ ಎಳೆದಿದ್ದಳು. ಆಡದೇ ಉಳಿದವರಿಗೆ ಹಾಗೆ ಗೆರೆ ಎಳೆಯಬೇಕು, ಅದೇ ಕ್ರಮ. ಹಿಂದಿನ ಪುಟದಲ್ಲೂ ಗೆರೆ. ಅದರ ಹಿಂದಿನದರಲ್ಲೂ. ದೊಡ್ಡಕ್ಕ ಮೊದಲ ಪುಟದವರೆಗೂ ಮಗುಚಿ ಮಗುಚಿ ಎಣಿಸಿದಳು. ಅರವತ್ತೆಂಟು ಪಂದ್ಯ. ಪ್ರತಿ ಸಲವೂ ಗೆರೆಯನ್ನು ಎಳೆದದ್ದು ಪಂದ್ಯ ಮುಗಿದ ಮೇಲೆ, ಅಲ್ಲಿಯವರೆಗೆ ಆ ಸಾಲನ್ನು ತೆರೆದೇ ಇಡುತ್ತಿದ್ದಳು ಎಂಬುದು ದೊಡ್ಡಕ್ಕನಿಗೆ ಆಗ ಹೊಳೆಯಿತು. ಇವತ್ತಿನ ಎರಡು ಪುಟಗಳಲ್ಲಿ ಮಾತ್ರ ಹನ್ನೆರಡನೇ ಸಾಲಿನಲ್ಲಿ ಹೆಸರೇ ಇರಲಿಲ್ಲ. ಪಟ್ಟಿಯಲ್ಲಿ ಇದ್ದಂತೆ ಕೆಳಗಡೆ, ಸಿಬ್ಬಂದಿ ಎಂದು ಬರೆದುಕೊಂಡಿದ್ದಳು. ದೊಡ್ಡಕ್ಕ ಪುಸ್ತಕದ ಮೇಲೆ ತಲೆಯಿಟ್ಟು ಅತ್ತಳು.

ಸೋಮವಾರ ಅಭ್ಯಾಸಕ್ಕೆ ಹನ್ನೊಂದು ಜನ ಬಂದರು. ಮಂಗಳವಾರವೂ ಅಷ್ಟೇ. ಮೇಜು ಖಾಲಿ. ಒಳಾಂಗಣದ ಗೋಡೆ ಗಡಿಯಾರ ಕೆಟ್ಟು ಎರಡು ವರ್ಷವಾಗಿತ್ತು, ತಂಡದಲ್ಲೇ ಒಬ್ಬಳು ಗಡಿಯಾರ ಇದ್ದಾಳಲ್ಲ ಎಂದು ಯಾರೂ ರಿಪೇರಿ ಮಾಡಿಸಿರಲಿಲ್ಲ. ಬುಧವಾರ ದೊಡ್ಡಕ್ಕ ತಾನೇ ಹೋಗಿ ಮೇಜಿನ ಹಿಂದೆ ಕೂತಳು. ಅಲ್ಲಿಂದ ಕೋರ್ಟು ಹೇಗೆ ಕಾಣುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ. ತಾನು ಯಾವಾಗಲೂ ನಿಲ್ಲುವ ಜಾಗದಲ್ಲಿ, ಗೆರೆಯ ಪಕ್ಕ, ಜಿರಾಫೆಯನ್ನು ನಿಲ್ಲಿಸಿ ನೋಡಿದಳು. ಮೇಜಿನಿಂದ ಕಾಣುತ್ತಿದ್ದದ್ದು ಬರೀ ಬೆನ್ನು. ಜಿರಾಫೆ ಯಾಕೆ ದೊಡ್ಡಕ್ಕ ಎಂದು ಕೇಳಿದಳು. ಸುಮ್ಮನೆ ಎಂದಳು.

ಗುರುವಾರ ಗಡಿಯಾರ ಬಂದಳು. ಆಡುವ ಬಟ್ಟೆಯಲ್ಲಿ ಅಲ್ಲ. ಕೈಯಲ್ಲೊಂದು ಕಾಗದದ ಚೀಲ, ಅದರಲ್ಲಿ ಸ್ಟಾಪ್‌ವಾಚು, ಮೇಜಿನ ಡ್ರಾಯರಿನ ಕೀಲಿ, ಒಗೆದು ಇಸ್ತ್ರಿ ಮಾಡಿ ಮಡಿಚಿದ ಜೆರ್ಸಿ. ಮುಂದಿನ ವಾರ ಹದಿನೇಳು ತುಂಬುತ್ತದಲ್ಲ, ಇವನ್ನೆಲ್ಲ ಒಪ್ಪಿಸಿ ಹೋಗೋಣ ಅಂತ ಬಂದೆ ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಕೆಲಸ ಬಿಡುವವರು ಆಫೀಸಿನಲ್ಲಿ ಮಾತಾಡುವ ಹಾಗೆ ಮಾತಾಡಿದಳು. ದೊಡ್ಡಕ್ಕ ಸ್ಟಾಪ್‌ವಾಚ್ ಒಂದನ್ನೇ ತೆಗೆದುಕೊಂಡಳು.

"ಇದನ್ನ ಹಾಕ್ಕೊಂಡು ಬಾ," ಅಂದಳು ಜೆರ್ಸಿಯನ್ನು ಅವಳ ಕಡೆ ತಳ್ಳಿ. "ಹನ್ನೆರಡು ಜನ ಆಗ್ತೀರಿ. ಆರಾರು, ಯಾರೂ ಹೊರಗೆ ಕೂರೋದು ಬೇಡ. ಹತ್ತತ್ತು ನಿಮಿಷದ ನಾಲ್ಕು ಕ್ವಾರ್ಟರ್, ಪೂರ್ತಿ ಪಂದ್ಯ. ಪುಸ್ತಕ ನಾನು ಬರೀತೀನಿ."

ಹುಡುಗಿ ಬೇಡ ಎನ್ನುವಳೇನೋ ಎಂದು ದೊಡ್ಡಕ್ಕನ ಜೀವ ಹಿಡಿಯಷ್ಟಾಯಿತು. ಇದು ಟೂರ್ನಿಯಲ್ಲ, ಎದುರು ತಂಡವಿಲ್ಲ, ಗೆದ್ದರೆ ಸೋತರೆ ಕೇಳುವವರಿಲ್ಲ. ಮೂಗಿಗಿಂತ ಮೂಗುತಿ ಭಾರ ಎನ್ನುವಂತೆ, ನಾಲ್ಕು ಗೋಡೆಯ ಒಳಗಿನ ಅಭ್ಯಾಸಕ್ಕೆ ಇಷ್ಟು ಏರ್ಪಾಡು. ಹುಡುಗಿ ಅದನ್ನೆಲ್ಲ ಲೆಕ್ಕ ಹಾಕುತ್ತಿದ್ದಳು, ಮುಖದಲ್ಲಿ ಕಾಣುತ್ತಿತ್ತು. ಆಮೇಲೆ ಜೆರ್ಸಿ ಎತ್ತಿಕೊಂಡಳು. ಅವಳು ಬಟ್ಟೆ ಬದಲಿಸುವಾಗ ದೊಡ್ಡಕ್ಕ ಟೈಲರನಿಗೆ ಫೋನ್ ಮಾಡಿ, ಅಂಗಡಿ ಹೇಗಿದೆಯೋ ಹಾಗೇ ಬಿಟ್ಟು ಬನ್ನಿ ಎಂದಳು. ಅವನು ಕುತ್ತಿಗೆಯಲ್ಲಿ ಟೇಪು ನೇತಾಡಿಸಿಕೊಂಡೇ ಓಡಿ ಬಂದ. ಅವನು ಬೆಂಚಿನಲ್ಲಿ ಕೂತು ಉಸಿರು ಸುಧಾರಿಸಿಕೊಳ್ಳುವವರೆಗೆ ದೊಡ್ಡಕ್ಕ ಸೀಟಿ ಊದಲಿಲ್ಲ.

ಹುಡುಗಿ ಅಂಥ ಆಟಗಾರ್ತಿಯೇನಲ್ಲ. ಅದನ್ನೂ ಹೇಳಿಬಿಡಬೇಕು. ಎರಡು ಸಲ ಚೆಂಡು ಕೈಜಾರಿತು, ಹಾಕಿದ ಒಂಬತ್ತರಲ್ಲಿ ಆರು ಆಚೆ ಹೋಯಿತು. ಆದರೆ ಮೂರು ವರ್ಷ ಎಲ್ಲರ ಆಟವನ್ನೂ ಬರೆದವಳು ಅವಳು. ಜಿರಾಫೆ ಯಾವ ಕಡೆ ತಿರುಗುತ್ತಾಳೆಂದು ಜಿರಾಫೆಗಿಂತ ಮೊದಲು ಅವಳಿಗೆ ಗೊತ್ತಿತ್ತು. ಮೂರನೇ ಕ್ವಾರ್ಟರಿನಲ್ಲಿ ಜಿರಾಫೆಯ ಕೈಯಿಂದ ಚೆಂಡು ಕಸಿದು ಇಡೀ ಕೋರ್ಟು ಒಬ್ಬಳೇ ಓಡಿ ಬುಟ್ಟಿಗೆ ಹಾಕಿದಾಗ ಬೆಂಚಿನಲ್ಲಿದ್ದ ಟೈಲರ್ ಎದ್ದು ನಿಂತ. ಈ ಸಲ ಅರ್ಧಕ್ಕೆ ಕೂರಲಿಲ್ಲ, ಕೊನೆಯವರೆಗೂ ನಿಂತೇ ಇದ್ದ. ದೊಡ್ಡಕ್ಕ ಹನ್ನೆರಡನೇ ಸಾಲಿನ ಚೌಕಗಳನ್ನು ಒಂದೊಂದಾಗಿ ತುಂಬುತ್ತ ಹೋದಳು. ಅಕ್ಷರ ಆಗಾಗ ಮಸುಕಾಗುತ್ತಿತ್ತು, ಕಣ್ಣೊರೆಸಿಕೊಂಡು ಮತ್ತೆ ಬರೆಯುತ್ತಿದ್ದಳು.

ಕೊನೆಯ ಕ್ವಾರ್ಟರ್ ಮುಗಿಯಲು ಹತ್ತು ಸೆಕೆಂಡು ಇದ್ದಾಗ ಅವಳು ಸೀಟಿಯನ್ನು ತುಟಿಗಿಟ್ಟುಕೊಂಡಳು. ಸ್ಟಾಪ್‌ವಾಚಿನ ಮುಳ್ಳು ಗೆರೆ ದಾಟಿತು. ಊದಲಾಗಲಿಲ್ಲ. ಊದಿದರೆ ಆಟ ಮುಗಿಯುತ್ತದೆ, ಹುಡುಗಿ ಶೂ ಬಿಚ್ಚುತ್ತಾಳೆ, ಅಪ್ಪನ ಜೊತೆ ಆ ಬಾಗಿಲಿನಿಂದ ಹೋಗುತ್ತಾಳೆ. ಇನ್ನೊಂದು ಸುತ್ತು ಓಡಲಿ ಎಂದುಕೊಂಡಳು. ಮತ್ತೊಂದು ಸುತ್ತು ಓಡಲಿ ಎಂದುಕೊಂಡಳು. ಕಡೆಗೆ ಹುಡುಗಿಯರೆಲ್ಲ ಏದುಸಿರು ಬಿಡುತ್ತ ಅವಳ ಕಡೆ ನೋಡತೊಡಗಿದಾಗ ಊದಿದಳು. ಮೆಲ್ಲಗೆ ಊದಿದ್ದರಿಂದ ಇನ್ನೊಮ್ಮೆ ಊದಬೇಕಾಯಿತು.

ಗಡಿಯಾರ ಬೆವರು ಸುರಿಸುತ್ತ ಮೇಜಿನ ಹತ್ತಿರ ಬಂದು ಎರಡೂ ಕೈ ಊರಿ ನಿಂತಳು. ಸ್ಟಾಪ್‌ವಾಚನ್ನು ನೋಡಲಿಲ್ಲ.

"ಎರಡು ನಿಮಿಷ ಜಾಸ್ತಿ ಆಡಿಸಿದ್ರಿ ದೊಡ್ಡಕ್ಕ."

"ಗೊತ್ತು ಮರಿ," ಅಂದಳು ದೊಡ್ಡಕ್ಕ.

ಹುಡುಗಿ ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು ಹನ್ನೆರಡನೇ ಸಾಲನ್ನು ಎಡದಿಂದ ಬಲಕ್ಕೆ ಒಂದು ಸಲ ಓದಿದಳು. ಒಂದು ಕಡೆ ಫೌಲಿನ ಗುರುತು ಪಕ್ಕದ ಚೌಕಕ್ಕೆ ಬಿದ್ದಿತ್ತು, ಪೆನ್ಸಿಲು ತೆಗೆದುಕೊಂಡು ಸರಿಪಡಿಸಿದಳು. "ಆಟದ ಹೊತ್ತು ನಲವತ್ತೆರಡು ಅಂತಾನೇ ಬರೀರಿ. ಆಡಿದ್ದು ಆಡಿದ ಹಾಗೇ ಇರಲಿ," ಎಂದು ಪೆನ್ಸಿಲನ್ನು ಅವಳ ಕೈಗೆ ಕೊಟ್ಟು ಶೂ ಬಿಚ್ಚಲು ಹೋದಳು.

ಅಪ್ಪ ಮಗಳು ಹೊರಟಾಗ ದೊಡ್ಡಕ್ಕ ಬಾಗಿಲವರೆಗೆ ಬಂದಳು. ಜೆರ್ಸಿಯನ್ನು ಅವಳು ವಾಪಸು ಕೇಳಲಿಲ್ಲ, ಹುಡುಗಿಯೂ ಕೊಡಲಿಲ್ಲ. ಅದರ ಮೇಲೆ ಜಾಕೆಟ್ ಹಾಕಿಕೊಳ್ಳದೆ ಬೀದಿಯಲ್ಲಿ ಹಾಗೇ ನಡೆದಳು. ಟೈಲರ್ ಅಂಕಿಯ ಒಂದು ಮೂಲೆಯನ್ನು ನಡೆಯುತ್ತಲೇ ಬೆರಳಿನಿಂದ ಮುಟ್ಟಿ ನೋಡಿದ, ಹೊಲಿಗೆ ಬಿಟ್ಟಿದೆಯೇನೋ ಎಂದು. ಏನೋ ಹೇಳಿದ, ಅವಳು ಜೋರಾಗಿ ನಕ್ಕಳು. ತಿರುವಿನಲ್ಲಿ ಅಂಗಡಿಯ ಬಾಗಿಲು ತೆರೆದೇ ಇತ್ತು. ಇಬ್ಬರೂ ಒಳಗೆ ಹೋಗುವವರೆಗೆ ದೊಡ್ಡಕ್ಕ ನಿಂತಲ್ಲೇ ನಿಂತಿದ್ದಳು. ಆಮೇಲೆ ಒಳಗೆ ಬಂದು ಮೇಜಿನ ಮುಂದೆ ಕೂತು, ಪುಟದ ಕೆಳಗೆ ನಲವತ್ತೆರಡು ಎಂದು ಬರೆದಳು.